ಕೇಳದ ಮಗುವಿಗೂ ‘ವೆರಿ ಗುಡ್’

ಕಾಟಮ್ಮನವರನ್ನು ನಾನು ಮೊದಲು ಕಂಡದ್ದು ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆಯಲ್ಲಿ, ಚಿಕ್ಕನಾಯಕನಹಳ್ಳಿ ಬಸ್ ನಿಲ್ದಾಣದ ಹಿಂದಿನ ರೇಡಿಯೊ ರಿಪೇರಿ ಅಂಗಡಿಯಲ್ಲಿ. ನನ್ನ ಟೇಪ್ ರೆಕಾರ್ಡರ್ ಕ್ಯಾಸೆಟ್ಟುಗಳನ್ನು ನುಂಗುತ್ತಿತ್ತು. ಅಂಗಡಿಯ ಶಂಭುಲಿಂಗಯ್ಯ ಅದನ್ನು ಬಿಚ್ಚಿ ಹರಡಿಕೊಂಡು ಕೂತಿದ್ದರು. ಆಗ ಇಪ್ಪತ್ತೈದರ ಆಸುಪಾಸಿನ ಹೆಂಗಸೊಬ್ಬರು ಮೆಟ್ಟಿಲೇರಿ ಬಂದರು. ಸೀರೆಯ ಅಂಚಿಗೆ ತೆಂಗಿನ ನಾರಿನ ಪುಡಿ ಮೆತ್ತಿತ್ತು. ಕಂಕುಳಲ್ಲಿ ಮೂರೂವರೆ ವರ್ಷದ ಮಗಳು, ಇನ್ನೊಂದು ಕೈಯಲ್ಲಿ ಟವೆಲಿನ ಗಂಟು. ಬಿಚ್ಚಿದರೆ ಒಳಗೆ ಕೆಂಪು ಪ್ಲಾಸ್ಟಿಕ್ಕಿನ ಆಟದ ಕಂಪ್ಯೂಟರ್. ಗುಂಡಿ ಒತ್ತಿದರೆ ಚಿತ್ರದ ಹಿಂದೆ ದೀಪ ಹತ್ತಿ, ‘ಎ ಫಾರ್ ಆಪಲ್’, ‘ವೆರಿ ಗುಡ್’ ಎಂದೆಲ್ಲ ಮಾತಾಡಬೇಕಾದದ್ದು.

“ಅಣ್ಣಾ, ಇದ್ರ ಮಾತು ನಿಂತೋಗದೆ. ದೀಪ ಹತ್ತುತ್ತೆ, ಸದ್ದಿಲ್ಲ.”

“ಯಾವಾಗಿಂದವ್ವಾ?”

“ಯಾರಿಗ್ ಗೊತ್ತು? ನಾನು ನಾರಿನ್ ಫ್ಯಾಕ್ಟ್ರಿಗೆ ಹೋದ್ರೆ ಬರೋದು ಕತ್ತಲಾದ್ಮೇಲೆ. ಮಗ ದಿನಾ ಆಡ್ತಾಳೆ. ಮೊನ್ನೆ ಅಮಾಸೆ ರಜ ಇತ್ತಲ್ಲ, ಆವಾಗ್ ಕಂಡೆ.”

ಶಂಭುಲಿಂಗಯ್ಯ ತಿರುಪು ಬಿಚ್ಚಿ ಒಳಗೆ ನೋಡಿದರು. “ಸ್ಪೀಕರ್ ವೈರು ಕಿತ್ತೋಗದೆ. ತುದೀಲಿ ಕಿಲುಬು ಹಿಡಿದೈತೆ, ಇದು ನಿನ್ನೆ ಮೊನ್ನೆದಲ್ಲ ಕಣವ್ವ. ನಿನ್ ಮಗಳು ಇಷ್ಟು ದಿನ ಮೂಗನ ಜೊತೆ ಮಾತಾಡ್ಕಂಡ್ ಕೂತಿದ್ಲಾ?” ಎಂದರು. ಕಾಟಮ್ಮನವರೂ ನಕ್ಕರು.

ಬೆಸುಗೆ ಹಾಕಿ ಗುಂಡಿ ಒತ್ತಿದಾಗ ಆ ಡಬ್ಬಿ ಅಂಗಡಿ ಅದುರುವಂತೆ “ವೆರಿ ಗುಡ್!” ಎಂದು ಕಿರುಚಿತು. ನಾನು ಬೆಚ್ಚಿದೆ. ಮೆಟ್ಟಿಲ ಮೇಲೆ ಮಲಗಿದ್ದ ನಾಯಿ ಎದ್ದು ನಿಂತಿತು. ತಾಯಿಯ ಹೆಗಲಿಗೆ ಮುಖವಿಟ್ಟು ರಸ್ತೆ ನೋಡುತ್ತಿದ್ದ ಹುಡುಗಿ ಮಾತ್ರ ತಾಯಿಯ ಕರಿಮಣಿ ಎಳೆಯುತ್ತಲೇ ಇದ್ದಳು.

ಕಾಟಮ್ಮನವರ ಮುಖದ ನಗು ಇಳಿಯಿತು. “ಇನ್ನೊಂದ್ ಸಲ ಒತ್ತಣ್ಣ.” ಒತ್ತಿದರು. “ಇನ್ನೊಂದ್ ಸಲ.” ಆಮೇಲೆ ತಾವೇ ಮಗಳಿಗೆ ಮುಖ ಕಾಣದಂತೆ ತಲೆ ಹಿಂದಕ್ಕೆ ಸರಿಸಿ, “ಬಿಂದೂ!” ಎಂದು ಕೂಗಿದರು. ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಬಿಂದುಶ್ರೀ ತಿರುಗಲಿಲ್ಲ.

ಆ ಆಟಿಕೆ ಮನೆಗೆ ಬಂದದ್ದು ಹೇಗೆಂದು ಅವರು ಅಲ್ಲೇ ಬೆಂಚಿನ ಮೇಲೆ ಕೂತು ಹೇಳಿದರು. ಕೆಂಕೆರೆ ಕಡೆಯ ಹಟ್ಟಿಯವರು. ಗಂಡ ತಿಪ್ಪೇಸ್ವಾಮಿ ವರ್ಷದಲ್ಲಿ ಮುಕ್ಕಾಲು ಪಾಲು ಕುರಿಯ ಹಿಂದೆ ಊರೂರು ತಿರುಗುವವರು. ಮಗಳಿಗೆ ಎರಡೂವರೆ ವರ್ಷವಾದರೂ ಮಾತು ಬಂದಿರಲಿಲ್ಲ. ಅತ್ತೆ ಮಂಜಮ್ಮ, “ನಿನ್ ಗಂಡನೂ ನಾಕ್ ವರ್ಸಕ್ಕೇ ಬಾಯ್ ಬುಟ್ಟಿದ್ದು. ಈಗ ಮುಚ್ಚಿಸಾಕಾಯ್ತದಾ? ಸುಮ್ಕಿರು,” ಎಂದಿದ್ದರು. ಕಾಟಮ್ಮ ಸುಮ್ಮನಿರಲಿಲ್ಲ. ಮಗಳನ್ನು ಎತ್ತಿಕೊಂಡು ಪೇಟೆಯ ಒಂದು ಖಾಸಗಿ ನರ್ಸರಿಗೆ ಹೋದರು.

ಅಲ್ಲಿಯ ಮುಖ್ಯಸ್ಥೆ ಮಗುವಿನ ಹೆಸರು ಕೇಳಿದರು. ಮಗು ಹೇಳಲಿಲ್ಲ. “ಹಟ್ಟಿ ಮಕ್ಕಳೇ ಹೀಗೆ. ನೀವು ಕುರಿ ಜೊತೆ ಮಾತಾಡಿದಷ್ಟು ಮಕ್ಕಳ ಜೊತೆ ಮಾತಾಡಲ್ಲ,” ಎಂದರು. ಮೇಜಿನ ಮೇಲೆ ಮಾರಾಟಕ್ಕೆ ಜೋಡಿಸಿದ್ದ ಆಟಿಕೆಗಳಲ್ಲಿ ಒಂದನ್ನು ಮುಂದೆ ತಳ್ಳಿ, ವರ್ಷವೊಪ್ಪತ್ತು ಇದನ್ನು ಆಡಿಸಿ, ತಾನಾಗಿ ಮಾತು ಬರುತ್ತದೆ, ಬರುವ ವರ್ಷ ಸೀಟು ನೋಡೋಣ ಎಂದರು. ಜೊತೆಗೊಂದು ಬುದ್ಧಿಮಾತು: ಮನೆಯಲ್ಲಿ ನಿಮ್ಮ ಹಟ್ಟಿ ಭಾಷೆ ಜಾಸ್ತಿ ಆಡಬೇಡಿ, ಮಗು ಗೊಂದಲಕ್ಕೆ ಬೀಳುತ್ತೆ.

ಕಾಟಮ್ಮ ತಮಗೆಂದು ಸಾಕಿದ್ದ ಟಗರುಮರಿಯನ್ನು ಮಾರಿ ಅದನ್ನು ಕೊಂಡರು. ತಪ್ಪು ತಮ್ಮದೇ ಎಂದು ನಂಬಿದರು. ಮಗುವಿನ ಎದುರು ಹಟ್ಟಿ ಭಾಷೆ ಆಡಿದ ಅತ್ತೆಯನ್ನು ಗದರಿಸಿದರು. ಲಾಲಿ ಹಾಡುವುದನ್ನೂ ಬಿಟ್ಟರು.

ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ. ವೈರು ಕಿತ್ತುಹೋಗುವವರೆಗೆ ಬಿಂದುಶ್ರೀ ಯಾವ ಗುಂಡಿ ಒತ್ತಿದರೂ ಆ ಯಂತ್ರ ‘ವೆರಿ ಗುಡ್’ ಎನ್ನುತ್ತಿತ್ತು. ಆಕೆಗೆ ಬೇಕಿದ್ದದ್ದು ಹತ್ತಿ ಆರುವ ದೀಪ. ನೋಡಿದವರಿಗೆ ಮಗು ಕಲಿಯುತ್ತಿರುವಂತೆ ಕಾಣುತ್ತಿತ್ತು. ನಡುವೆ ಒಮ್ಮೆ ನರ್ಸರಿಗೆ ತೋರಿಸಲು ಹೋದಾಗ, “ನೋಡಿ, ಎಷ್ಟು ಚೆನ್ನಾಗಿ ಒತ್ತುತ್ತಾಳೆ!” ಎಂದು ಹೊಗಳಿ ಕಳಿಸಿದ್ದರು. ಕಲಿಕೆಯ ಹೆಸರಿನಲ್ಲಿ ಮಾರುವ ವಸ್ತುವಿಗೆ ಎದುರಿನ ಮಗು ಕೇಳಿಸಿಕೊಂಡಿತೋ ಇಲ್ಲವೋ ತಿಳಿಯದು, ಸರಿ. ಮಾರಿದವರಿಗೆ ಕಣ್ಣಿರಲಿಲ್ಲವೇ?

ಅಂಗಡಿಯಿಂದ ಹೋದ ಕೆಲವು ವಾರಗಳಲ್ಲೇ ಮೈಸೂರಿನ ಆಸ್ಪತ್ರೆಯಲ್ಲಿ ಮಗುವಿನ ಕಿವಿ ಪರೀಕ್ಷೆ ಆಯಿತು. ಎರಡೂ ಕಿವಿ ಬಹಳ ಮಂದ, ಪೂರ್ತಿ ಹೋಗಿಲ್ಲ, ಕಿವಿಗೆ ಯಂತ್ರ ಹಾಕಿದರೆ ಮಾತು ಕಲಿಯಬಹುದು ಎಂದರು ಡಾಕ್ಟರು. “ಹತ್ತಿರ ಕೂತು, ಮುಖ ತೋರಿಸಿ, ಗಟ್ಟಿಯಾಗಿ ಮಾತಾಡಿ. ನಿಮ್ಮ ಮನೆ ಮಾತೇ ಆಡಿ. ಒಂದು ವರ್ಷ ಮೊದಲೇ ಬಂದಿದ್ದರೆ ಇನ್ನೂ ಸುಲಭವಾಗುತ್ತಿತ್ತು,” ಎಂದರಂತೆ. ಆ ಕೊನೆಯ ಮಾತನ್ನು ಹೊತ್ತುಕೊಂಡೇ ಕಾಟಮ್ಮ ನರ್ಸರಿಗೆ ಹೊರಟರು. ಬಸ್ ನಿಲ್ದಾಣದಲ್ಲಿ ಸಿಕ್ಕ ನನ್ನನ್ನೂ ಕರೆದರು.

ಮುಖ್ಯಸ್ಥೆ ಟವೆಲಿನ ಗಂಟು ನೋಡಿದವರೇ, “ವಾಪಸ್ ತಗೊಳ್ಳಲ್ಲಮ್ಮ. ಬಾಕ್ಸ್ ಇಟ್ಟಿದೀಯಾ?” ಎಂದರು.

“ವಾಪಸ್ ಕೊಡಾಕ್ ಬಂದಿಲ್ಲ ಕಣ್ರೀ. ಒಂದ್ ಮಾತ್ ಕೇಳಾಕ್ ಬಂದೆ. ನನ್ ಮಗ ನಿಮ್ ಮುಂದೇನೇ ಕೂತಿದ್ಲಲ್ಲ, ಒಂದ್ ಸಲ ಹಿಂದೆ ನಿಂತ್ಕಂಡು ಚಪ್ಪಾಳೆ ತಟ್ಟಿದ್ರಾ?”

“ನಾವೇನು ಡಾಕ್ಟ್ರಾ?”

“ಡಾಕ್ಟ್ರಲ್ಲ ಅಂದ್ಮೇಲೆ ಔಷ್ದಿ ಯಾಕ್ ಮಾರುದ್ರಿ? ಕುರಿ ಜೊತೆ ಮಾತಾಡ್ತೀರಾ ಅಂದ್ರಲ್ಲ, ಕೇಳ್ಕಳಿ. ಮರಿ ಕೂಗಿಗೆ ತಿರುಗ್ಲಿಲ್ಲ ಅಂದ್ರೆ ನಾವು ಮರಿ ಕಿವಿ ನೋಡ್ತೀವಿ. ತಾಯಿ ಕುರೀನ ಬೈಯಾಕಿಲ್ಲ. ನಾನೂ ನೋಡ್ಬೇಕಾಗಿತ್ತು. ನೋಡ್ಲಿಲ್ಲ. ಓದ್ದೋರು ಹೇಳವ್ರೆ ಅಂತ ನಂಬ್ಕಂಡೆ.”

ಮುಖ್ಯಸ್ಥೆ ಆಯಾಳನ್ನು ಕರೆದು ಬಾಗಿಲು ತೋರಿಸಿದರು. ಮೇಜಿನ ಮೇಲೆ ಅದೇ ಕೆಂಪು ಡಬ್ಬಿಗಳು ಸಾಲಾಗಿ ಕೂತಿದ್ದವು. ಜೂನ್ ತಿಂಗಳು, ಸೀಟಿಗೆ ಬಂದ ತಾಯಂದಿರು ಹೊರಗೆ ಕಾಯುತ್ತಿದ್ದರು. ಕಾಟಮ್ಮ ಅವರಿಗೆಲ್ಲ ಕೇಳುವಂತೆ ನಡೆದದ್ದನ್ನು ಹೇಳಿಯೇ ಮೆಟ್ಟಿಲಿಳಿದರು. ಇಬ್ಬರು ಎದ್ದು ಹೋದರು. ಉಳಿದವರು ಕೂತೇ ಇದ್ದರು.

ಮುಂದಿನ ವರ್ಷ ಮಾರಾಟದ ಹುಡುಗರು ಟೈ ಕಟ್ಟಿಕೊಂಡು, ಅದೇ ಕೆಂಪು ಡಬ್ಬಿ ಹಿಡಿದು ಹಟ್ಟಿಗೇ ಬಂದರು. ಪಕ್ಕದ ಮನೆಯ ಪುಟ್ಟಗಂಗಮ್ಮ ಮೊಮ್ಮಗನಿಗೆ ಕೊಳ್ಳಲೇ, ಬೇಡವೇ ಎಂದು ಕಾಟಮ್ಮನವರನ್ನು ಕೇಳಿದರಂತೆ. “ಬುಗುರಿ ಕೊಳ್ಳಂಗೆ ಆಟಕ್ಕೆ ಬೇಕಾದ್ರೆ ಕೊಂಡ್ಕೊ,” ಎಂದರಂತೆ ಇವರು, “ಮಾತು ಕಲಿಸ್ತದೆ ಅಂದ್ರೆ ಮಾತ್ರ ಅವ್ರ ಬ್ಯಾಗ್ ಸಮೇತ ಆಚೆ ಕಳ್ಸು. ಮಾತು ನೀನು ಕಲ್ಸು. ನಿನಗೇನು ಕಮ್ಮಿಯಾ, ಊರೆಲ್ಲ ಕೇಳಂಗ್ ಬೈತೀಯಲ್ಲ!” ಪುಟ್ಟಗಂಗಮ್ಮ ಕೊಳ್ಳಲಿಲ್ಲ. ಯಾರು ಕೇಳಿದರೂ ನನ್ನ ಉತ್ತರವೂ ಅದೇ.

ಬಿಂದುಶ್ರೀಗೆ ಈಗ ಎಂಟು ವರ್ಷ, ಕಿವಿಗೆ ಯಂತ್ರ ಹಾಕಿದ್ದಾರೆ. ಕಾಟಮ್ಮ ಮಧ್ಯಾಹ್ನದವರೆಗೆ ಮಾತ್ರ ನಾರಿನ ಫ್ಯಾಕ್ಟರಿಯಲ್ಲಿ ದುಡಿಯುತ್ತಾರೆ. ಆಮೇಲೆ ಸರ್ಕಾರಿ ಶಾಲೆಯಿಂದ ಮಗಳನ್ನು ಕರೆತಂದು, ಎದುರಿಗೆ ಕೂರಿಸಿಕೊಂಡು ಮಾತು ಹೇಳಿಕೊಡುತ್ತಾರೆ.