ಹೋಟೆಲಿನಲ್ಲಿ ಓದಿಸಿಕೊಂಡ ಪೇಪರ್

ಎರಡು ಮೂಟೆ ಅಕ್ಕಿಯನ್ನು ಒಟ್ಟಿಗೆ ಬೆನ್ನ ಮೇಲೆ ಹೊತ್ತವನು ಇಡೀ ಬೈಕಂಪಾಡಿಯಲ್ಲಿ ನಾನೊಬ್ಬನೇ. ನೋಡಿದವರೆಲ್ಲ ತೀರಿಹೋದರು, ಬೇಕಾದರೆ ಅವರನ್ನೇ ಕೇಳಿ.

ಈಗ ಅಲ್ಲಿಯೇ ಒಂದು ಗೋಡೌನಿಗೆ ವಾಚ್‌ಮನ್. ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ಆದರೂ ನನಗೆ ದಿನಾ ಪೇಪರ್ ಬೇಕು. ಬೆಳಿಗ್ಗೆ ಎದುರಿನ ಹೋಟೆಲಿನಲ್ಲಿ ಯಾರ ಕೈಯಲ್ಲಿ ಪೇಪರ್ ಉಂಟೋ ಅವರ ಪಕ್ಕ ಕೂತು, "ಎಂತ ಉಂಟು ಇವತ್ತು?" ಎಂದು ಕೇಳುತ್ತೇನೆ.

ಹೋದ ಮಳೆಗಾಲದಲ್ಲಿ ಒಬ್ಬ ಹೊಸಬ ಸಿಕ್ಕಿದ. ಹೊರಗೆ ಜಡಿಮಳೆ, ಅವನ ಬಿಳಿ ಅಂಗಿಗೆ ಒಂದು ಹನಿಯೂ ತಾಗಿರಲಿಲ್ಲ. ರಸ್ತೆಯ ಗುಂಡಿ, ಗಲ್ಫ್ ವಿಮಾನದ ಟಿಕೆಟ್ ದರ ಎಲ್ಲ ಓದಿದ. ಆಮೇಲೆ, "ಗೋಡೌನಿನಲ್ಲಿ ಮೂಟೆ ಕುಸಿದು ವಾಚ್‌ಮನ್ ಸಾವು" ಎಂದ. ಹೆಸರು ನನ್ನದೇ. ಅಪ್ಪನ ಹೆಸರೂ ಸರಿ ಇತ್ತು.

"ಅದು ನಾನು ಮಾರಾಯ್ರೆ!"

ಅವನು ನನ್ನ ಮುಖ ನೋಡಿದ, ಪೇಪರಿನ ತಾರೀಕು ನೋಡಿದ. "ಓ, ತಪ್ಪಾಯ್ತು. ಇದು ನಾಳೆಯದ್ದು" ಎಂದವನೇ ಅದನ್ನು ಮಡಚಿಕೊಂಡು ಮಳೆಗೆ ಇಳಿದುಹೋದ.

ನಾನು ಆ ಬೆಂಚಿನಿಂದ ಏಳಲೇ ಇಲ್ಲ. ಮಧ್ಯಾಹ್ನ ಗೋಡೌನಿನಲ್ಲಿ ಧಡಾರೆಂದು ಶಬ್ದ ಆಯಿತು. ಹೋಗಿ ನೋಡಿದರೆ ನಾನು ದಿನಾ ಕೂರುವ ಕುರ್ಚಿ ಮೂಟೆಗಳ ಅಡಿಯಲ್ಲಿ ಪುಡಿಪುಡಿ.

ಇದನ್ನೆಲ್ಲ ಬರೆದುಕೊಳ್ಳುತ್ತಿದ್ದ ಮೊಮ್ಮಗಳು ಪೆನ್ನು ನಿಲ್ಲಿಸಿದಳು. "ಅಜ್ಜ, ಅದು ನಾಳೆಯ ಪೇಪರೇ ಆಗಿದ್ದರೆ, ಮರುದಿನ ನೀವು ಸತ್ತ ಸುದ್ದಿ ಬರಬೇಕಿತ್ತಲ್ಲ. ಬಂತಾ?"

ನಾನು ಭುಜ ಕುಣಿಸಿದೆ. "ನನಗೆಲ್ಲಿ ಗೊತ್ತುಂಟು ಮಾರಾಯ್ತಿ? ಅದೊಂದು ದಿನ ನಾನು ಯಾರ ಹತ್ತಿರವೂ ಪೇಪರ್ ಓದಿಸಲಿಲ್ಲ."