ಕರೆಂಟ್ ಬಂದದ್ದು ತಿಳಿಯದ ಮನೆ

ಇಲ್ಲಿ ಮೆಲ್ಬೋರ್ನಿನಲ್ಲಿ ನಮ್ಮ ಪಕ್ಕದ ಬರ್ಥಾ ಬಾಯಿಯ ಮನೆಗೆ ಹೋದರೆ ಮೊದಲು ಕೇಳಿಸುವುದು ಒಂದು ಮೆಷಿನ್ನಿನ ಸದ್ದು. ಹಾಲಿನ ಮೂಲೆಯಲ್ಲಿ ಮೊಣಕಾಲಿನಷ್ಟು ಎತ್ತರಕ್ಕೆ ನಿಂತುಕೊಂಡು, ಉಸಿರು ಎಳೆದು ಬಿಟ್ಟ ಹಾಗೆ ಘುಸ್, ಘುಸ್ ಅನ್ನುತ್ತಿರುತ್ತದೆ. ಗಾಳಿಯಿಂದ ಆಕ್ಸಿಜನ್ ಸೋಸಿ ಕೊಡುವ ಮೆಷಿನ್ ಅದು. ಅದರಿಂದ ಹೊರಟ ಸಣ್ಣ ಪೈಪು ಅವರ ಗಂಡ ಲ್ಯಾನ್ಸ್‌ಲೊಟ್ ಅವರ ಮೂಗಿಗೆ ಹೋಗುತ್ತದೆ. ಪೈಪು ಉದ್ದ ಇರುವುದರಿಂದ ಅವರು ಅಡಿಗೆಮನೆಯವರೆಗೂ ಓಡಾಡಬಹುದು. ಬರ್ಥಾ ಬಾಯಿ ಮಾತ್ರ ಆ ಪೈಪು ತುಳಿಯದ ಹಾಗೆ ದಾಟಿ ದಾಟಿ, ಈಗ ಅಂಗಡಿಯಲ್ಲಿ ನಡೆಯುವಾಗಲೂ ನೆಲ ನೋಡಿಕೊಂಡೇ ಹೆಜ್ಜೆ ಇಡುತ್ತಾರೆ.

ಇಬ್ಬರೂ ಹುಟ್ಟಿದ್ದು ಮಂಗಳೂರಿನ ಕಡೆ, ಸಂಸಾರ ಮಾಡಿದ್ದು ರಾಯಚೂರಿನ ಕಡೆ. ಅಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ಕಡೆ ಲ್ಯಾನ್ಸ್‌ಲೊಟ್ ಅವರಿಗೆ ಬಾಯ್ಲರಿನ ಕೆಲಸ. ಕಾಲೊನಿಯ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಒರೆಸಿದರೂ ಕಿಟಕಿಯ ಮೇಲೆ ಬೂದಿ ಕೂರುತ್ತಿತ್ತಂತೆ. ಅವರ ಎದೆ ಕೆಟ್ಟದ್ದು ಆ ಬೂದಿಯಿಂದ ಅಂತ ಯಾರಾದರೂ ಅಂದರೆ ಅವರಿಗೆ ಆಗುವುದಿಲ್ಲ. "ಸಿಗರೇಟು ಸೇದಿದ್ದು ನಾನು. ಬಾಯ್ಲರ್ ಎಂತ ಮಾಡಿತು ಪಾಪ?" ಅಂತಾರೆ.

ಒಬ್ಬನೇ ಮಗ ರೂಬೆನ್. ಇವರನ್ನು ಮೆಲ್ಬೋರ್ನಿಗೆ ಕರೆಸಿಕೊಂಡವನು ಅವನೇ, ಈಗ ಅವನಿಗೆ ಸಿಡ್ನಿಯ ನಾರ್ವೆಸ್ಟ್‌ನಲ್ಲಿ ಕೆಲಸ. ಯುರೋಪಿನ ಕಂಪನಿಗಳು ಎಷ್ಟು ಹೊಗೆ ಬಿಟ್ಟವು ಅಂತ ಲೆಕ್ಕ ಹಾಕುವ ಕೆಲಸ ಅದು. ಹೊಗೆಯನ್ನು ಹೇಗೆ ಎಣಿಸುತ್ತಾರೋ ನನಗೆ ಗೊತ್ತಿಲ್ಲ. ಹೋದ ಕ್ರಿಸ್‌ಮಸ್ಸಿಗೆ ಮೆಲ್ಬೋರ್ನಿಗೆ ಬಂದಿದ್ದಾಗ ಊಟದ ಮೇಜಿನಲ್ಲಿ ಅಪ್ಪ ಮಗನಿಗೆ ಇದೇ ಜಗಳ. ಮನೆಯ ಮಾತು ಕೊಂಕಣಿ. ನಾನು ಕೂತಿದ್ದೆ ಅಂತ ಜಗಳವನ್ನು ಕನ್ನಡದಲ್ಲಿ ಆಡಿದರು.

"ಡ್ಯಾಡಿ, ಯುರೋಪಲ್ಲಿ ಅಷ್ಟು ದೇಶಗಳು ಒಟ್ಟಾಗಿ ಹೊಗೆಗೆ ರೇಟ್ ಕಟ್ಟಿದಾರೆ. ಜಾಸ್ತಿ ಬಿಟ್ಟವನು ಜಾಸ್ತಿ ಕೊಡ್ಬೇಕು. ನಮ್ಮ ಆಸ್ಟ್ರೇಲಿಯಾ ಹೊಗೆ ಕಮ್ಮಿ ಮಾಡೋ ಕ್ಯೋಟೋ ಒಪ್ಪಂದಕ್ಕೇ ಇನ್ನೂ ಒಪ್ಪಿಲ್ಲ."

"ನೀನು ಸಣ್ಣವನಿರುವಾಗ ಕುಡಿದ ಹಾಲು ಉಂಟಲ್ಲ," ಅಂದು ಲ್ಯಾನ್ಸ್‌ಲೊಟ್ ಅವರು ಉಸಿರಿಗೆ ನಿಂತರು. "ಅದೂ ಕಲ್ಲಿದ್ದಲಿಂದೇ ಮಾರಾಯ. ಅದಕ್ಕೂ ರೇಟ್ ಹಾಕು."

"ಈ ಮೆಷಿನ್ ಓಡೋದೂ ಕಲ್ಲಿದ್ದಲಿಂದಲೇ, ಗೊತ್ತು. ನನ್ನ ಹೆದರಿಕೆ ಅದೇ. ಬಿಸಿಲು ಜಾಸ್ತಿ ಆದಷ್ಟೂ ಎಲ್ರೂ ಎಸಿ ಹಾಕ್ತಾರೆ. ಹಾಕಿದಷ್ಟೂ ಹೊಗೆ. ಒಂದಿನ ಯಾವ ತಂತಿಗೂ ತಡ್ಕೊಳ್ಳೋಕಾಗಲ್ಲ."

"ಇಬ್ಬರೂ ಬಾಯಿಗೆ ಮೀನು ಹಾಕಿಕೊಳ್ಳಿ," ಅಂದರು ಬರ್ಥಾ ಬಾಯಿ. "ಯುರೋಪಿನವರು ಬಂದು ಬಿಸಿ ಮಾಡಿ ಕೊಡುವುದಿಲ್ಲ."

ಎಲ್ಲರೂ ನಕ್ಕೆವು. ಅವನು ಸಿಡ್ನಿಗೆ ವಾಪಸ್ಸು ಹೋದ. ಅದಾದ ಮೇಲೆ ಜನವರಿಯಲ್ಲಿ, ಇಲ್ಲಿಯ ಕಡುಬೇಸಿಗೆಯಲ್ಲಿ, ಆ ದಿನ ಬಂತು.

ಬೆಳಿಗ್ಗೆಯಿಂದಲೇ ಒಲೆಯ ಮುಂದೆ ಕೂತ ಹಾಗಿತ್ತು. ಬೆಟ್ಟದ ಕಡೆ ಕಾಡಿಗೆ ಬೆಂಕಿ ಬಿದ್ದು ಆಕಾಶ ಕಂದುಬಣ್ಣಕ್ಕೆ ತಿರುಗಿತ್ತು. ಮಧ್ಯಾಹ್ನ ಕಳೆದ ಮೇಲೆ ಕರೆಂಟ್ ಹೋಯಿತು. ಸಿಡ್ನಿ ಕಡೆಯಿಂದ ನಮಗೆ ಕರೆಂಟ್ ತರುವ ದೊಡ್ಡ ಲೈನು ಆ ಬೆಂಕಿಗೆ ನಿಂತುಹೋಗಿತ್ತು ಅಂತ ಆಮೇಲೆ ತಿಳಿಯಿತು. ನನ್ನ ಮಗಳು ಅಮೂಲ್ಯಾ ಕೆಲಸಕ್ಕೆ ಹೋಗಿದ್ದಳು. ನಾನು ನಮ್ಮ ಮನೆಯ ಫ್ರಿಜ್ಜು, ಟೀವಿ ಎಲ್ಲದರ ಸ್ವಿಚ್ಚು ತೆಗೆದು ಪಕ್ಕದ ಮನೆಗೆ ಓಡಿದೆ.

ಲ್ಯಾನ್ಸ್‌ಲೊಟ್ ಅವರಿಗೆ ತೊಂದರೆ ಆಗಿರಲಿಲ್ಲ. ಇಂಥದ್ದಕ್ಕೆ ಅಂತಲೇ ಮನೆಯಲ್ಲಿ ಒಂದು ಸಿಲಿಂಡರ್ ಇಟ್ಟಿದ್ದರು. ಬರ್ಥಾ ಬಾಯಿ ಪೈಪನ್ನು ಅದಕ್ಕೆ ಸಿಕ್ಕಿಸಿ ಆಗಿತ್ತು. ಮೆಷಿನ್ನು ಮಾತ್ರ ಕರೆಂಟ್ ಇಲ್ಲ ಅಂತ ಕುಂಯ್ಯೋ ಅಂತ ಕೂಗುತ್ತಿತ್ತು.

"ಎಲ್ಲ ಆಫ್ ಮಾಡಿದಿರಾ?" ಅಂತ ಕೇಳಿದೆ.

"ಮಾಡ್ತಾ ಇದ್ದೇನೆ ಅಕ್ಕ. ಕರೆಂಟ್ ಬರುವಾಗ ಒಮ್ಮೆಲೇ ಜೋರು ಬಂದರೆ ಮುಗಿಯಿತು, ಈ ಮೆಷಿನ್ ಸುಟ್ಟುಹೋದರೆ ಇವರನ್ನು ಎಲ್ಲಿಗೆ ಕಟ್ಟಲಿ?"

ರಾಯಚೂರಿನಲ್ಲಿ ಹಾಗೇ ಅವರ ಒಂದು ಫ್ರಿಜ್ಜು ಸುಟ್ಟಿತ್ತು. ಅಲ್ಲಿಂದ ಬಂದ ಅಭ್ಯಾಸ. ಗೋಡೆಯಿಂದ ಗೋಡೆಗೆ ಹೋಗಿ ಲೈಟು, ಫ್ಯಾನು, ಫೋನು, ಕೊನೆಗೆ ಆಕ್ಸಿಜನ್ ಮೆಷಿನ್ನು, ಒಂದೊಂದೇ ಸ್ವಿಚ್ಚು ಆರಿಸಿದರು. ಮೆಷಿನ್ನಿನ ಕೂಗೂ ನಿಂತಿತು. ನಮಗೆ ಸಮಾಧಾನ ಆಯಿತು. ಬಿಸಿಲು ಒಳಗೆ ಬರದ ಹಾಗೆ ಪರದೆ ಎಳೆದು, ಒದ್ದೆ ಟವೆಲ್ಲು ಅವರ ಕುತ್ತಿಗೆಗೆ ಹಾಕಿ, ಮೂವರೂ ಕೂತೆವು.

ಕಾದೆವು. ಸಿಲಿಂಡರಿನ ತಲೆಯ ಮೇಲೆ ಗಡಿಯಾರದಂಥ ಒಂದು ಮುಖ ಇದೆ, ಅದರಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಅಂತ ತೋರಿಸುವ ಒಂದು ಮುಳ್ಳು. ಮೊದಮೊದಲು ಬರ್ಥಾ ಬಾಯಿ ಅದನ್ನು ಕದ್ದು ನೋಡುತ್ತಿದ್ದರು, ಗಂಡನಿಗೆ ಗೊತ್ತಾಗಬಾರದು ಅಂತ. ಆಮೇಲೆ ಎದುರಿಗೇ ಹೋಗಿ ಬಗ್ಗಿ ನೋಡತೊಡಗಿದರು. ಮುಳ್ಳು ಕೆಂಪಿನ ಹತ್ತಿರ ಬಂದಿತ್ತು.

"ನೀನು ನೋಡಿದರೆ ಅದು ಮೇಲೆ ಹೋಗ್ತದಾ?" ಅಂದರು ಲ್ಯಾನ್ಸ್‌ಲೊಟ್.

"ನೀವು ಮಾತಾಡಬೇಡಿ. ಮಾತಿಗೂ ಗಾಳಿ ಖರ್ಚು."

ರೂಬೆನ್‌ಗೆ ಮೊಬೈಲ್ ಹಚ್ಚಿದರೆ ಲೈನು ಸಿಗಲಿಲ್ಲ. ಊರಿಗೆ ಊರೇ ಫೋನು ಹಿಡಿದುಕೊಂಡಿತ್ತೋ ಏನೋ. ಮತ್ತೆ ಮತ್ತೆ ಒತ್ತಿದ ಮೇಲೆ ಆಂಬುಲೆನ್ಸಿನವರು ಸಿಕ್ಕರು. ಸಿಗ್ನಲ್ ದೀಪಗಳು ಆರಿ ರಸ್ತೆಯೆಲ್ಲ ಜಾಮ್ ಆಗಿದೆ, ಬರುತ್ತೇವೆ, ತಡ ಆಗಬಹುದು ಅಂದರು. ಅಷ್ಟು ಹೊತ್ತಿಗೆ ಮುಳ್ಳು ಕೆಂಪಿನೊಳಗೆ ಇಳಿದಿತ್ತು, ಲ್ಯಾನ್ಸ್‌ಲೊಟ್ ಅವರು ಮುಂದಕ್ಕೆ ಬಾಗಿ ಎರಡೂ ಕೈ ಮಂಡಿಗೆ ಊರಿ ಕೂತಿದ್ದರು. ತುಟಿಯ ಬಣ್ಣ ಕಪ್ಪಾಗುತ್ತಿತ್ತು. ನಾನು ಬೆನ್ನು ನೀವುತ್ತಿದ್ದೆ. ಬೆನ್ನಿನ ಮೂಳೆಗಳು ಕೈಗೆ ಸಿಗುತ್ತಿದ್ದವು. ಬರ್ಥಾ ಬಾಯಿ ಜಪಸರ ಹಿಡಿದಿದ್ದರು, ಆದರೆ ಪ್ರಾರ್ಥನೆ ಬಾಯಿಗೆ ಬರುತ್ತಿರಲಿಲ್ಲ. "ಸಾಯ್ಬಾ, ಸಾಯ್ಬಾ" ಅಂತ ದೇವರನ್ನು ಕರೆಯುವುದು, ಅಷ್ಟೇ.

ಆಂಬುಲೆನ್ಸ್ ಮನೆ ಗುರುತು ಸಿಗದೆ ಮುಂದೆ ಹೋದೀತು ಅಂತ ಅವರು ಬಾಗಿಲು ತೆಗೆದು ಹೊರಗೆ ಹೋದರು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಎದುರು ಮನೆಯ ಗ್ರೀಕ್ ಹೆಂಗಸು ಆಗತಾನೆ ಕಾರಿನಲ್ಲಿ ಬಂದರು. ಕಾರಿನಿಂದ ಇಳಿಯಲಿಲ್ಲ. ಅವರ ಗ್ಯಾರೇಜಿನ ಬಾಗಿಲು ತಾನಾಗಿ ಮೇಲಕ್ಕೆ ಸುತ್ತಿಕೊಂಡಿತು. ಕಾರು ಒಳಗೆ ಹೋಯಿತು. ಬಾಗಿಲು ತಾನಾಗಿ ಇಳಿಯಿತು.

ಬರ್ಥಾ ಬಾಯಿ ಒಂದು ಗಳಿಗೆ ಅದನ್ನೇ ನೋಡುತ್ತಾ ನಿಂತದ್ದು ನನಗೆ ತೆರೆದ ಬಾಗಿಲಿನಿಂದ ಕಾಣಿಸಿತು. ಆಮೇಲೆ ಅವರು ಕಿರುಚಿದರು, ಅಂಥ ಕಿರುಚು ನಾನು ಯಾವತ್ತೂ ಕೇಳಿಲ್ಲ.

"ಅಕ್ಕಾ! ಕರೆಂಟ್ ಉಂಟು! ಕರೆಂಟ್ ಬಂದಿದೆ!"

ಪೈಪು ತುಳಿದುಕೊಂಡೇ ಓಡಿ ಬಂದು, ಅದನ್ನು ಸಿಲಿಂಡರಿನಿಂದ ಕಿತ್ತು ಮೆಷಿನ್ನಿಗೆ ಸಿಕ್ಕಿಸಿ, ಸ್ವಿಚ್ಚು ಒತ್ತಿದರು. ಮೆಷಿನ್ನು ಘುಸ್ ಅಂದಿತು.

ಎಷ್ಟು ಹೊತ್ತಿನ ಮೊದಲೇ ಬಂದಿತ್ತೋ ಯಾರಿಗೆ ಗೊತ್ತು. ನಮ್ಮ ಕಡೆ ಆದರೆ ಕರೆಂಟ್ ಬಂದ ಕೂಡಲೇ ಓಣಿಯ ಮಕ್ಕಳೆಲ್ಲ ಹೋ ಅಂತ ಕೂಗುತ್ತಾರೆ, ಯಾರದೋ ಮನೆಯ ರೇಡಿಯೋ ಒದರುತ್ತದೆ. ಸ್ವಿಚ್ಚು ಆರಿಸಿ ಕೂತವರಿಗೂ ತಿಳಿಯುತ್ತದೆ. ಇಲ್ಲಿ ಎಲ್ಲರದೂ ಮುಚ್ಚಿದ ಕಿಟಕಿ. ಹಗಲು ಬೇರೆ. ಕರೆಂಟ್ ಗೋಡೆಯವರೆಗೆ ಬಂದು ಸುಮ್ಮನೆ ನಿಂತಿತ್ತು, ನಾವು ಮುಳ್ಳು ನೋಡುತ್ತಾ ಕೂತಿದ್ದೆವು.

ಆಂಬುಲೆನ್ಸಿನವರು ಬಂದು ಲ್ಯಾನ್ಸ್‌ಲೊಟ್ ಅವರನ್ನು ಕರೆದುಕೊಂಡು ಹೋದರು. ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ವಾಪಸ್ಸು ಕಳಿಸಿದರು. ಮೊದಲಿನಷ್ಟು ಓಡಾಟ ಇಲ್ಲ, ಈಗ ಅಡಿಗೆಮನೆಗೆ ಬರುವುದಿಲ್ಲ. ರೂಬೆನ್ ಮಾರನೆಯ ದಿನವೇ ವಿಮಾನ ಹತ್ತಿ ಬಂದ. ತಾಯಿಯನ್ನು ಬೈಯಲಿಲ್ಲ. ಬೈದಿದ್ದರೆ ಅವರಿಗೆ ಹಗುರ ಆಗುತ್ತಿತ್ತು.

ಅವತ್ತಿನಿಂದ ಬರ್ಥಾ ಬಾಯಿ ಹಾಲಿನಲ್ಲಿ ಒಂದು ಬಲ್ಬು ಹಗಲೂ ಉರಿಸುತ್ತಾರೆ. ಅದು ಆರಿದರೆ ಕರೆಂಟ್ ಹೋಯಿತು, ಹತ್ತಿದರೆ ಬಂತು. ಕರೆಂಟ್ ಕಮ್ಮಿ ತಿನ್ನುವ ಸುರುಳಿಯ ಹೊಸ ಬಲ್ಬು ರೂಬೆನ್ ತಂದುಕೊಟ್ಟರೆ ಒಪ್ಪಲಿಲ್ಲ. ಹಳೆಯ ಗುಂಡು ಬಲ್ಬೇ ಬೇಕು, ಅದರ ಬೆಳಕು ಬಿಸಿಲಿನಲ್ಲೂ ಕಾಣುತ್ತದೆ ಅಂದರು. ಆ ಹಳೆಯ ಬಲ್ಬು ಮಾರುವುದನ್ನೇ ಸರ್ಕಾರ ನಿಲ್ಲಿಸುತ್ತದಂತೆ. ಅದನ್ನು ಕೇಳಿ ಒಂದು ಡಬ್ಬ ತುಂಬ ತಂದು ಅಲಮಾರಿಯಲ್ಲಿ ಇಟ್ಟಿದ್ದಾರೆ.

ಈಗ ಮತ್ತೆ ಡಿಸೆಂಬರ್. ಹೊಸ ಸರ್ಕಾರ ಬಂದು ಆ ಕ್ಯೋಟೋಗೆ ಒಪ್ಪಿತು ಅಂತ ರೂಬೆನ್ ಖುಷಿಯಲ್ಲಿ ಫೋನು ಮಾಡಿದ. ನಾನೂ ಅಲ್ಲಿದ್ದೆ.

"ಸೈನ್ ಹಾಕಿದ್ರು ಡ್ಯಾಡಿ!"

"ಒಳ್ಳೆಯದಾಯಿತು," ಅಂದರು ಲ್ಯಾನ್ಸ್‌ಲೊಟ್. ಈ ಸಲ ಜಗಳ ಮಾಡಲಿಲ್ಲ. ಸ್ವಲ್ಪ ಉಸಿರು ತೆಗೆದುಕೊಂಡು, "ಅದರ ತಂಪು ಇಲ್ಲಿಗೆ ಮುಟ್ಟಲಿಕ್ಕೆ ಎಷ್ಟು ವರ್ಷ ಬೇಕು ಮಗಾ?" ಅಂತ ಕೇಳಿದರು.

ರೂಬೆನ್‌ಗೆ ಲೆಕ್ಕವೇ ಕೆಲಸ. ಆದರೂ ವರ್ಷ ಎಣಿಸದೆ, "ಸಿಡ್ನಿಗೆ ಬಂದುಬಿಡಿ, ನನ್ನ ಜೊತೆ ಇರಿ" ಅಂದ. ಇಲ್ಲಿಯ ಡಾಕ್ಟರನ್ನು ಬಿಟ್ಟು ಬರುವುದಿಲ್ಲ ಅಂತ ಬರ್ಥಾ ಬಾಯಿ ಫೋನು ಇಟ್ಟರು.

ನಾಳೆ ಮತ್ತೆ ಅಂಥದ್ದೇ ಬಿಸಿಲು, ಉತ್ತರದ ಮರುಭೂಮಿಯ ಕಡೆಯಿಂದ ಬಿಸಿಗಾಳಿ ಅಂತ ಸಂಜೆ ಟೀವಿಯಲ್ಲಿ ಹೇಳಿದರು. ಬರ್ಥಾ ಬಾಯಿ ಬೇಲಿಯ ಹತ್ತಿರ ಬಂದು, "ಅಕ್ಕ, ಬೆಳಿಗ್ಗೆ ಬೇಗ ಬರ್ತೀರಲ್ಲ?" ಅಂತ ಕೇಳಿದರು. ಬರುತ್ತೇನೆ ಅಂದೆ. ಹೋದವರು ತಿರುಗಿ ಬಂದು ಇನ್ನೊಮ್ಮೆ ಕೇಳಿದರು.