ಬಂಡೆಯ ಮೇಲೆ ಬಿಟ್ಟ ಬೂಟು

ಐವತ್ತಕ್ಕೆ ಎರಡು ವರ್ಷ ಬಾಕಿ ಇರುವಾಗ ಹೆಂಗಸೊಬ್ಬಳು ಗೇರ್ ಸೈಕಲ್ಲು ಕೊಂಡರೆ ಹೊನ್ನಾವರದಂಥ ಊರು ಸುಮ್ಮನಿರುವುದಿಲ್ಲ. ಮೊದಲ ವಾರ ನಾನು ಹೋದಲ್ಲೆಲ್ಲ ಜನ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅಕ್ಕೋರು ನಾನು. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ. "ಅಕ್ಕೋರೆ, ಸ್ಕೂಟಿಗೆ ಪೆಟ್ರೋಲ್ ಇಲ್ವಾ?" ಎಂದು ಕಿರಾಣಿ ಅಂಗಡಿಯವನು ಕೇಳಿದ. "ಪೆಟ್ರೋಲ್ ಉಂಟು, ನಿಮ್ಮ ನಾಲಿಗೆಗೆ ಬ್ರೇಕ್ ಇಲ್ಲ" ಎಂದೆ. ಆಮೇಲೆ ಅವನು ಕೇಳಲಿಲ್ಲ, ಬೇರೆ ಯಾರೂ ಕೇಳಲಿಲ್ಲ. ಕೇಳುವವರು ಒಬ್ಬರಾದರೂ ಇದ್ದಿದ್ದರೆ ಒಳ್ಳೆಯದಿತ್ತು ಅನ್ನಿಸಿದ್ದು ಎಷ್ಟೋ ದಿನ ಕಳೆದ ಮೇಲೆ.

ಹೆದ್ದಾರಿಗೆ ನಾನು ಹೋಗುವುದಿಲ್ಲ. ನಾಲ್ಕು ಪಥ ಆದ ಮೇಲೆ ಅಲ್ಲಿ ಮೀನಿನ ಲಾರಿ, ಟ್ಯಾಂಕರುಗಳದ್ದೇ ಕಾರುಬಾರು. ಸೈಕಲ್ಲಿನವರನ್ನು ಅವು ಲೆಕ್ಕಕ್ಕೇ ಹಿಡಿಯುವುದಿಲ್ಲ. ನನಗೆ ಬೇಕಾದದ್ದು ಅದರ ಪಶ್ಚಿಮಕ್ಕೆ, ಕಡಲಿನ ನೆತ್ತಿಯ ಮೇಲೆ, ಗುಡ್ಡದಿಂದ ಗುಡ್ಡಕ್ಕೆ ಹೋಗುವ ಹಾದಿ. ಚಿರೆಕಲ್ಲು ಸವೆದು ಕೆಂಪು ಜಲ್ಲಿಯಾದ ಗಾಡಿದಾರಿ, ದನ ಮೇಯಿಸುವವರ ಕಾಲುದಾರಿ, ಗೇರುಮರದ ಹಕ್ಕಲಿನ ನಡುವಿನ ಬಂಡೆಹಾಸು. ಕುಮಟೆಯ ಬದಿಯಲ್ಲಾದರೆ ಬಾಡದಿಂದ ಅಘನಾಶಿನಿಯವರೆಗೆ ಹೋಗಿ, ಸೈಕಲ್ಲನ್ನು ತಾರಿಯಲ್ಲಿ, ಅಂದರೆ ಹೊಳೆ ದಾಟಿಸುವ ದೋಣಿಯಲ್ಲಿ, ಮಲಗಿಸಿಕೊಂಡು ತದಡಿಗೆ ದಾಟುತ್ತೇನೆ. ಅಲ್ಲಿ ಒಂದು ಚಾ ಕುಡಿದು ಹಿಂದಿರುಗುತ್ತೇನೆ. ಓಂ ಬೀಚು ಅಲ್ಲಿಂದ ದೂರವೇನಲ್ಲ, ಆದರೆ ಅಲ್ಲಿ ಎಲ್ಲರೂ ಜೋಡಿಯಾಗಿ ಸಂತೋಷವಾಗಿರುತ್ತಾರೆ, ನನಗೆ ಹೊಟ್ಟೆ ಉರಿಯುತ್ತದೆ. ತೆಂಕಕ್ಕಾದರೆ ಅಪ್ಸರಕೊಂಡದ ಗುಡ್ಡ ಹತ್ತಿ ಮಂಕಿಯ ಕಡೆ. ಎರಡು ದಿನ ರಜೆ ಒಟ್ಟಿಗೆ ಸಿಕ್ಕರೆ ಭಟ್ಕಳದವರೆಗೆ.

ಈ ಹಾದಿಯಲ್ಲಿ ಎರಡು ತಾಸು ಹೋದರೂ ಒಂದು ವಾಹನ ಎದುರಾಗುವುದಿಲ್ಲ. ಟಯರಿನಡಿ ಜಲ್ಲಿ ಕರಕರ ಅನ್ನುವುದು, ಕೆಳಗೆ ಬಂಡೆಗೆ ನೀರು ಬಡಿಯುವುದು, ಇಷ್ಟೇ ಸದ್ದು. ಇಳಿಜಾರಿನಲ್ಲಿ ಮುಂದಿನ ಬ್ರೇಕು ಒತ್ತಿದರೆ ಕಥೆ ಮುಗಿಯಿತು; ಸೀಟಿನಿಂದ ಎದ್ದು, ತೂಕವನ್ನು ಹಿಂದಕ್ಕೆ ಹಾಕಿ, ಸೈಕಲ್ಲಿಗೆ ಅದರ ದಾರಿ ಬಿಟ್ಟುಕೊಡಬೇಕು. ಇದನ್ನು ಕಲಿಯಲು ಎರಡೂ ಮೊಣಕಾಲಿನ ಚರ್ಮ ಕೊಟ್ಟಿದ್ದೇನೆ. ಎರಡನೆಯ ಸಲ ಬಿದ್ದಾಗ ಏಳಲಾಗದೆ ಬಹಳ ಹೊತ್ತು ಹಾಗೇ ಕೂತಿದ್ದೆ. ಅಂದು ಶನಿವಾರ ಮಧ್ಯಾಹ್ನ. ನಾನು ಇಲ್ಲಿ ಬಿದ್ದದ್ದು ಯಾರಿಗಾದರೂ ಯಾವಾಗ ಗೊತ್ತಾದೀತು ಎಂದು ಲೆಕ್ಕ ಹಾಕಿದೆ. ಸೋಮವಾರ ಎರಡನೆಯ ಪೀರಿಯಡ್ಡಿಗೆ ಎಂದು ಉತ್ತರ ಬಂತು. ಗಣಿತದವಳಿಗೆ ಉತ್ತರ ಸರಿ ಬಂದರೆ ಖುಷಿಯಾಗಬೇಕು. ನನಗೆ ಅಳು ಬಂತು.

ಅಮ್ಮ ಹೋಗಿ ಆಗ ಎರಡು ವರ್ಷ. ನಾನು ಮದುವೆಯಾದವಳಲ್ಲ, ಒಡಹುಟ್ಟಿದವರಿಲ್ಲ. ಅಮ್ಮ, ನಾನು ಇಬ್ಬರೇ ಇದ್ದ ಬಾಡಿಗೆ ಮನೆಯಲ್ಲಿ ಈಗ ನಾನೊಬ್ಬಳೇ. ಒಂಟಿತನ ಅಭ್ಯಾಸವಾಗುತ್ತದೆ ಎನ್ನುವವರು ಸುಳ್ಳು ಹೇಳುತ್ತಾರೆ. ಅಭ್ಯಾಸವಾಗುವುದು ಅರ್ಧ ಲೋಟ ಅಕ್ಕಿ ಅಳೆಯುವುದು, ಅಷ್ಟೇ. ಮನೆಯಲ್ಲಿ ಒಂಟಿಯಾಗಿರುವುದಕ್ಕಿಂತ ಗುಡ್ಡದ ಮೇಲೆ ಒಂಟಿಯಾಗಿರುವುದು ವಾಸಿ ಎಂದುಕೊಂಡೇ ಸೈಕಲ್ಲು ಕೊಂಡದ್ದು.

ಜನವರಿ ಕೊನೆಯ ಒಂದು ಭಾನುವಾರ. ಅಪ್ಸರಕೊಂಡ ದಾಟಿ ಇನ್ನೂ ತೆಂಕಕ್ಕೆ ಹೋದೆ. ಗುಡ್ಡದ ಹುಲ್ಲು ಒಣಗಿ ಮೊಣಕಾಲಿಗೆ ಚುಚ್ಚುತ್ತಿತ್ತು. ತಲುಪಿದ್ದು ಗುಡ್ಡವೇ ಕಡಲೊಳಗೆ ಚಾಚಿಕೊಂಡ ಒಂದು ಮೂಲೆ. ಒಂದು ಬದಿಗೆ ಕೆಳಗೆ ಮೀನುಗಾರರ ಹತ್ತಿಪ್ಪತ್ತು ಮನೆ, ಮರಳಿನ ಮೇಲೆ ಒಣಹಾಕಿದ ಮೀನು. ನೀರು ಮುಟ್ಟಬೇಕು ಅನ್ನಿಸಿತು. ಸೈಕಲ್ಲನ್ನು ಬಂಡೆಯ ತುದಿಯಲ್ಲಿ ನಿಲ್ಲಿಸಿದೆ. ಕಡಲನ್ನು ಕಾಲುಮೆಟ್ಟು ಹಾಕಿಕೊಂಡು ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ, ಅದು ದೇವರು. ಬೂಟು ಬಿಚ್ಚಿ ಒಂದರ ಪಕ್ಕ ಒಂದು ಜೋಡಿಸಿಟ್ಟೆ. ನೀರು ಸಿಡಿದು ಹಾಳಾದೀತೆಂದು ವಾಚು, ಫೋನು ಎರಡನ್ನೂ ಅದರೊಳಗೆ ಹಾಕಿದೆ. ಇಷ್ಟು ಅಚ್ಚುಕಟ್ಟು ಮಾಡಿದ್ದೇ ತಪ್ಪಾಯಿತು.

ಬಂಡೆ ಹಿಡಿದು ಇಳಿದಲ್ಲಿ, ಮೇಲಿನವರಿಗೆ ಕಾಣದಂಥ ಒಂದು ಪೊಟರೆಯಿತ್ತು, ನೆರಳಿತ್ತು. ಕಾಲನ್ನು ನೀರಿಗೆ ಬಿಟ್ಟು ಒರಗಿದವಳಿಗೆ ಜೊಂಪು ಹತ್ತಿತು. ಎಚ್ಚರವಾದದ್ದು ದೋಣಿಯ ಇಂಜಿನ್ನಿನ ಸದ್ದು, ಗಂಡಸರ ಕೂಗು ಕೇಳಿ. ಬಂಡೆ ಬಳಸಿಕೊಂಡು ಮರಳಿಗೆ ಬಂದೆ. ಹತ್ತು ಹದಿನೈದು ಮಂದಿ ನೀರಂಚಿನಲ್ಲಿ ನಿಂತಿದ್ದರು; ಇಬ್ಬರು ದೋಣಿ ಹಾಕಿಕೊಂಡು ಬಂಡೆಯ ಬುಡ ಸುತ್ತುತ್ತ ಉದ್ದನೆಯ ಗಳದಿಂದ ನೀರು ತಡಕುತ್ತಿದ್ದರು.

"ಎಂತ ಆತು?" ಎಂದು ಪಕ್ಕದಲ್ಲಿದ್ದ ಹೆಂಗಸನ್ನು ಕೇಳಿದೆ.

"ಯಾರೋ ಮೇಲಿಂದ ಹಾರಿದ್ರು" ಎಂದಳು ಅವಳು, ನೀರಿನಿಂದ ಕಣ್ಣು ತೆಗೆಯದೆ. "ಪಾಪ, ಯಾರ ಮನೇದೋ."

ಅವರ ಸಾಲಿನಲ್ಲಿ ನಾನೂ ನಿಂತೆ. ಪ್ರತಿ ತೆರೆ ಹಿಂದೆ ಸರಿದಾಗಲೂ ತಲೆಯೋ ಕೈಯೋ ಕಂಡೀತೇ ಎಂದು ನೋಡಿದೆ. ನಾನು ಅಲ್ಲೇ ಹತ್ತಿರ ಮಲಗಿದ್ದೆನಲ್ಲ, ಒಂದು ಕೂಗು ಹಾಕಿದ್ದರೂ ಕೇಳುತ್ತಿತ್ತು, ಆ ಜೀವ ಯಾಕೆ ಕೂಗಲಿಲ್ಲ ಎಂದು ಸಂಕಟವಾಯಿತು. ದೇವರೇ, ಬದುಕಿಸು ಎಂದು ಬಾಯಿಬಿಟ್ಟೇ ಬೇಡಿಕೊಂಡೆ. ಅಷ್ಟರಲ್ಲಿ ಮುದುಕಿಯೊಬ್ಬಳು ಏದುಸಿರು ಬಿಡುತ್ತ ಗುಡ್ಡ ಇಳಿದು ಬಂದಳು. ತುದಿಯಲ್ಲಿ ಸೈಕಲ್ಲು ಕಂಡು, ಮೀನು ಒಣಹಾಕುವುದನ್ನು ಅರ್ಧಕ್ಕೆ ಬಿಟ್ಟು ಹತ್ತಿ, ಮೇಲಿಂದ ಎಲ್ಲರನ್ನೂ ಕೂಗಿದವಳು ಅವಳೇ ಇರಬೇಕು. ಕೈಗೆ ಮರಳು, ಮೀನಿನ ಪರೆ ಅಂಟಿತ್ತು. ಅದೇ ಕೈಯಲ್ಲಿ ನನ್ನ ಬೂಟುಗಳನ್ನು ಎದೆಗೆ ಅವಚಿಕೊಂಡಿದ್ದಳು.

"ಹುಡುಗನೇ ಇರ್ಬೇಕು, ಮೇಲೆ ಗೇರ್ ಸೈಕಲ್ ಅದೆ. ಬೂಟು ಎಷ್ಟು ಚಂದ ಜೋಡ್ಸಿಟ್ಟು ಹೋಗಿದ್ದಾನೆ ನೋಡಿ" ಎಂದು ಅಳುತ್ತಿದ್ದಳು.

ಕಡಲಿಗೆ ಹಾರುವವರು ಕಾಲುಮೆಟ್ಟನ್ನು ದಡದಲ್ಲಿ ಬಿಟ್ಟು ಹೋಗುತ್ತಾರೆ. ಈ ಕಡಲಕರೆಯಲ್ಲೇ ಹುಟ್ಟಿ ಬೆಳೆದ ನನಗೆ ಅದು ಗೊತ್ತಿಲ್ಲದ್ದೇನಲ್ಲ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ಅದು ನಂದು" ಎಂದೆ. ಯಾರಿಗೂ ಕೇಳಿಸಲಿಲ್ಲ. ತರಗತಿಯ ದನಿಯಲ್ಲಿ ಇನ್ನೊಮ್ಮೆ ಹೇಳಿದೆ.

ಒಬ್ಬ ಟವೆಲು ಬೀಸಿ ದೋಣಿಯನ್ನು ವಾಪಸು ಕರೆದ. ಬಲೆಯ ಕೆಲಸ ಬಿಟ್ಟು ನೀರಿಗಿಳಿದಿದ್ದ ಆ ಇಬ್ಬರು ನನ್ನನ್ನೊಮ್ಮೆ ನೋಡಿ, ಒಂದು ಮಾತೂ ಆಡದೆ ಹೋದರು. ಅವರು ಆಡದ್ದನ್ನೆಲ್ಲ ಮುದುಕಿ ಆಡಿದಳು.

"ಬಾಯಿ ಇಲ್ವೇ ನಿಂಗೆ? ಕೆಳಗೆ ಇಳೀತೆ ಅಂತ ಒಂದು ಮಾತು ಹೇಳಿದ್ರೆ ನಿನ್ ಗಂಟು ಎಂತ ಹೋಗ್ತಿತ್ತು? ಓದಿದೋರಿಗೆ ಬುದ್ಧಿ ಅಂಬುದೇ ಇರುದಿಲ್ಲ!"

ಇಷ್ಟು ವರ್ಷ ಮಕ್ಕಳನ್ನು ಗದರಿಸಿಯೇ ಬಂದ ನಾನು ತಲೆ ತಗ್ಗಿಸಿ ನಿಂತೆ. ನಿಜ ಹೇಳಬೇಕೆಂದರೆ, ಅವಳು ಬೈಯುವುದನ್ನು ನಿಲ್ಲಿಸದಿರಲಿ ಎಂದು ಆಸೆಯಾಗುತ್ತಿತ್ತು. ಎರಡು ವರ್ಷದಿಂದ ನನಗೆ ಯಾರೂ ಬೈದಿರಲಿಲ್ಲ.

"ನಿನ್ ಫೋನಿನ ಲಾಕು ತೆಗೂಕೆ ಬರ್ಲಿಲ್ಲ. ಯಾರಿಗೆ ಸುದ್ದಿ ಮುಟ್ಸುದು ಅಂತ ನನ್ ಜೀವವೇ ಹೋಗಿತ್ತು ತಂಗೀ. ಮನೆಯವ್ರ ನಂಬರು ಹೇಳು ಈಗ" ಎಂದು ಸೊಂಟದಿಂದ ತನ್ನ ಬಟನ್ ಫೋನು ತೆಗೆದಳು.

ನನ್ನದನ್ನು ಬಿಟ್ಟರೆ ನನಗೆ ಬಾಯಿಪಾಠ ಬರುವುದು ಒಂದೇ ನಂಬರು, ಅಮ್ಮನದು. ಅವಳು ಹೋದ ಮೇಲೂ ಅದನ್ನು ರೀಚಾರ್ಜ್ ಮಾಡಿಸಿ, ಚಾರ್ಜಿಗೆ ಹಾಕಿ, ಅವಳ ಕಪಾಟಿನಲ್ಲೇ ಇಟ್ಟಿದ್ದೇನೆ. ಯಾಕೆಂದು ಯಾರಾದರೂ ಕೇಳಿದರೆ ಹೇಳಲು ಗ್ಯಾಸ್ ಬುಕಿಂಗಿನ ನೆಪವಿದೆ. ಹತ್ತೂ ಅಂಕಿ ಹೇಳಿದೆ. ಮುದುಕಿ ಅಲ್ಲೇ ಒತ್ತಿ ಕಿವಿಗೆ ಹಿಡಿದಳು.

"ರಿಂಗ್ ಆಗ್ತದೆ, ಎತ್ತುದಿಲ್ಲ."

"ಅಮ್ಮಂದು ಅದು. ಎಂತದೋ ಕೆಲಸದಲ್ಲಿರ್ಬೇಕು" ಎಂದೆ.

"ಅಮ್ಮ ಅದಾಳಲ್ಲ, ಆತು ಬಿಡು" ಎಂದು ಬೂಟು ನನ್ನ ಕೈಗೆ ಕೊಟ್ಟಳು. ಆದರೂ ಸೈಕಲ್ಲಿನವರೆಗೆ ಮತ್ತೆ ಗುಡ್ಡ ಹತ್ತಿ ಬಂದಳು, ನಾನು ತಿರುವು ದಾಟುವ ತನಕ ಅಲ್ಲೇ ನಿಂತಿದ್ದಳು.

ಹೊನ್ನಾವರ ತಲುಪುವಾಗ ದೀಪ ಹಚ್ಚುವ ಹೊತ್ತು. ಬೀಗ ತೆಗೆಯುತ್ತಿದ್ದಂತೆ ಒಳಗೆ ಕಪಾಟಿನಲ್ಲಿ ಫೋನು ರಿಂಗಾಗುತ್ತಿತ್ತು. ಬೂಟು ಬಿಚ್ಚದೆ ಒಳಗೆ ಓಡಿ ಎತ್ತಿದೆ.

"ಅಮ್ಮಾ, ನಾನು ಯಾರಂತ ನಿಮ್ಗೆ ಗೊತ್ತಾಗುದಿಲ್ಲ. ನಿಮ್ಮ ಮಗಳು ಮನೆಗೆ ಮುಟ್ಟಿದ್ಲಾ?"

ನಿಜ ಹೇಳೋಣವೆಂದೇ ಬಾಯಿ ತೆರೆದೆ. ಆಗಲಿಲ್ಲ. ದನಿ ತಗ್ಗಿಸಿ, "ಹೂಂ, ಈಗ ಬಂದ್ಲು" ಎಂದೆ.

"ನೀವು ಬೈಬೇಡಿ, ನಾನೇ ಸಾಕಷ್ಟು ಬೈದಿದ್ದೆ. ಆದ್ರೆ ಅವಳನ್ನ ಹೀಂಗೆ ಒಬ್ಳನ್ನೇ ಬಿಡ್ಬೇಡಿ ಅಮ್ಮಾ."

ಕಪಾಟಿನ ಬಾಗಿಲು ಹಿಡಿದುಕೊಂಡು ನಿಂತಿದ್ದೆ. ಇನ್ನು ಬಿಡುವುದಿಲ್ಲ ಎಂದು ಅಮ್ಮನ ಪರವಾಗಿ ಮಾತು ಕೊಟ್ಟೆ.